ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಏಳು ತಿಂಗಳು ದಾಟಿದ ಗರ್ಭಿಣಿಯರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು: ಇದು ಸಹಜವೇ, ಅಥವಾ ಈಗಲೇ ಆಸ್ಪತ್ರೆಗೆ ಹೋಗಬೇಕೇ? ಆ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಆದಷ್ಟು ಸ್ಪಷ್ಟವಾಗಿ ತೋರಿಸುವುದಕ್ಕಾಗಿ ಕೆಳಗಿನ ಉತ್ತರಗಳನ್ನು ಬರೆಯಲಾಗಿದೆ. ನಿಮ್ಮನ್ನು ಪರೀಕ್ಷಿಸಿದ ವೈದ್ಯರು ನಿಮಗೆಂದೇ ಹೇಳಿದ ಮಾತು ಇಲ್ಲಿನ ಸಾಮಾನ್ಯ ವಿವರಣೆಗಿಂತ ಭಿನ್ನವಾಗಿದ್ದರೆ ವೈದ್ಯರ ಮಾತನ್ನೇ ಅನುಸರಿಸಬೇಕು.

ಮೂರನೆಯ ತ್ರೈಮಾಸಿಕ ಯಾವಾಗ ಆರಂಭವಾಗುತ್ತದೆ?

ಸಾಮಾನ್ಯವಾಗಿ 28ನೆಯ ವಾರದಿಂದ ಹೆರಿಗೆಯವರೆಗಿನ ಅವಧಿಯನ್ನು ಮೂರನೆಯ ತ್ರೈಮಾಸಿಕ ಎನ್ನುತ್ತಾರೆ. ವಾರಗಳನ್ನು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದು ರೂಢಿ. ಹೀಗಾಗಿ ಲೆಕ್ಕದ ಮೊದಲ ಎರಡು ವಾರಗಳಲ್ಲಿ ಗರ್ಭವೇ ಇರುವುದಿಲ್ಲ. ಈ ಸಂಗತಿ ತಿಳಿಯದೆ, ತಮ್ಮ ಲೆಕ್ಕಕ್ಕೂ ವೈದ್ಯರ ಲೆಕ್ಕಕ್ಕೂ ಹದಿನೈದು ದಿನ ತಾಳೆಯಾಗುತ್ತಿಲ್ಲವೆಂದು ಗಾಬರಿಪಡುವವರು ಅನೇಕರಿದ್ದಾರೆ. ಮುಟ್ಟಿನ ದಿನ ನೆನಪಿಲ್ಲದಿದ್ದರೆ ಅಥವಾ ಮುಟ್ಟು ಕ್ರಮವಾಗಿ ಆಗುತ್ತಿರದಿದ್ದರೆ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್‌ನ ಲೆಕ್ಕವೇ ಹೆಚ್ಚು ನಂಬಲರ್ಹ. ಕೊನೆಯ ತಿಂಗಳುಗಳ ಸ್ಕ್ಯಾನಿಂಗ್ ವರದಿಯಲ್ಲಿ ಬೇರೆ ದಿನಾಂಕ ಕಂಡರೆ ಅದರಿಂದ ಹೆರಿಗೆಯ ದಿನ ಬದಲಾಯಿತೆಂದು ತಿಳಿಯಬೇಕಾಗಿಲ್ಲ. ಆ ಹೊತ್ತಿಗೆ ಒಂದೊಂದು ಮಗುವಿನ ಗಾತ್ರ ಒಂದೊಂದು ರೀತಿ ಇರುವುದರಿಂದ ಗಾತ್ರವನ್ನು ನೋಡಿ ವಯಸ್ಸನ್ನು ಹೇಳುವುದು ಕಷ್ಟ.

ಕೊಟ್ಟ ದಿನಾಂಕದಂದೇ ಹೆರಿಗೆಯಾಗುತ್ತದೆಯೇ?

ಬಹಳ ಮಟ್ಟಿಗೆ ಇಲ್ಲ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನಗಳನ್ನು ಕೂಡಿಸಿ ಆ ದಿನಾಂಕವನ್ನು ಕೊಡುತ್ತಾರೆ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದರಷ್ಟು ಮಾತ್ರ. 37 ವಾರ ತುಂಬುವ ಮೊದಲು ಹುಟ್ಟಿದರೆ ಅದು ಅವಧಿಪೂರ್ವ ಹೆರಿಗೆ. 37 ಮತ್ತು 38ನೆಯ ವಾರಗಳು ಅವಧಿಯ ಆರಂಭ. 39 ಮತ್ತು 40ನೆಯ ವಾರಗಳನ್ನು ಪೂರ್ಣಾವಧಿ ಎನ್ನಲಾಗುತ್ತದೆ. 42 ವಾರ ತುಂಬಿದರೆ ಅವಧಿ ಮೀರಿದಂತೆ.

37 ವಾರ ತುಂಬಿತಲ್ಲ, ಇನ್ನು ಯಾವಾಗ ಹೆರಿಗೆ ಮಾಡಿಸಿದರೂ ಒಂದೇ ಎಂಬ ಭಾವನೆ ವ್ಯಾಪಕವಾಗಿದೆ, ಅದು ತಪ್ಪು. 35ನೆಯ ವಾರದಲ್ಲಿ ಮಗುವಿನ ಮೆದುಳಿನ ತೂಕ ಪೂರ್ಣಾವಧಿಯ ತೂಕದ ಸುಮಾರು ಮೂರನೇ ಎರಡರಷ್ಟಿರುತ್ತದೆ, ಉಳಿದ ಬೆಳವಣಿಗೆ ಈ ಕೊನೆಯ ವಾರಗಳಲ್ಲೇ ಆಗಬೇಕು. ವೈದ್ಯಕೀಯ ಕಾರಣವಿಲ್ಲದೆ ಕೇವಲ ಅನುಕೂಲಕ್ಕಾಗಿ 39 ವಾರಕ್ಕಿಂತ ಮೊದಲು ನೋವು ಬರಿಸುವುದಾಗಲಿ ಸಿಸೇರಿಯನ್ ಮಾಡಿಸುವುದಾಗಲಿ ಬೇಡವೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ರಕ್ತದೊತ್ತಡ ಏರಿದಾಗ, ಮಗುವಿನ ಬೆಳವಣಿಗೆ ನಿಂತಾಗ, ಅವಳಿ ಮಕ್ಕಳಿದ್ದಾಗ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬರಬಹುದು. ಅಲ್ಲಿ ಕಾಯುವುದರ ಅಪಾಯವೇ ಹೆಚ್ಚು.

ಈ ವಾರಗಳಲ್ಲಿ ಮಗು ಹೇಗೆ ಬೆಳೆಯುತ್ತದೆ?

28ನೆಯ ವಾರದಲ್ಲಿ ಮಗುವಿನ ತೂಕ ಸುಮಾರು 1 ಕಿಲೋ, ತಲೆಯಿಂದ ಹಿಮ್ಮಡಿಯವರೆಗಿನ ಉದ್ದ ಸುಮಾರು 37 ಸೆಂಟಿಮೀಟರ್. 32ನೆಯ ವಾರಕ್ಕೆ ತೂಕ 1.7 ಕಿಲೋ ಆಸುಪಾಸಿಗೆ ಬರುತ್ತದೆ, 36ಕ್ಕೆ 2.6 ಕಿಲೋ ಮುಟ್ಟುತ್ತದೆ, ಪೂರ್ಣಾವಧಿಯಲ್ಲಿ ಮೂರರಿಂದ ಮೂರೂವರೆ ಕಿಲೋ ಆಗುತ್ತದೆ. ಇವು ಸರಾಸರಿಗಳು, ಆರೋಗ್ಯವಂತ ಮಕ್ಕಳಲ್ಲೇ ಇದಕ್ಕಿಂತ ಕಡಿಮೆ ಇರುವವರೂ ಹೆಚ್ಚು ಇರುವವರೂ ಇದ್ದಾರೆ. ಒಂದು ದಿನದ ಅಳತೆಗಿಂತ ಎರಡು ಮೂರು ವಾರಗಳ ಅಂತರದಲ್ಲಿ ಮಗು ತನ್ನದೇ ಗತಿಯಲ್ಲಿ ಬೆಳೆಯುತ್ತಿದೆಯೇ ಎಂಬುದನ್ನೇ ವೈದ್ಯರು ಮುಖ್ಯವಾಗಿ ನೋಡುತ್ತಾರೆ.

ಏಳನೆಯ ತಿಂಗಳಿನ ಸುಮಾರಿಗೆ ಮಗು ಕಣ್ಣು ತೆರೆಯುತ್ತದೆ, ಹೊರಗಿನ ದನಿಗಳಿಗೆ ಪ್ರತಿಕ್ರಿಯಿಸುತ್ತದೆ. ಶ್ವಾಸಕೋಶದ ಗಾಳಿಗೂಡುಗಳು ಒಂದಕ್ಕೊಂದು ಅಂಟಿಕೊಂಡು ಕುಸಿಯದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ದ್ರವ್ಯ 24ನೆಯ ವಾರದ ನಂತರ ತಯಾರಾಗಲು ಆರಂಭಿಸಿದರೂ ಸಾಕಷ್ಟು ಪ್ರಮಾಣಕ್ಕೆ ಬರುವುದು 35ನೆಯ ವಾರದ ಹೊತ್ತಿಗೆ. ಮೈಮೇಲಿನ ನವಿರಾದ ಕೂದಲು ಉದುರುತ್ತದೆ, ಚರ್ಮದ ಕೆಳಗೆ ಕೊಬ್ಬು ಸೇರುತ್ತದೆ. ಹುಟ್ಟಿದ ಮೇಲಿನ ಮೊದಲ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶದ ದಾಸ್ತಾನು ಮತ್ತು ತಾಯಿಯ ರೋಗನಿರೋಧಕ ಪ್ರತಿಕಾಯಗಳು ಮಗುವಿಗೆ ಹೆಚ್ಚಾಗಿ ದಾಟಿಹೋಗುವುದೂ ಈ ಮೂರು ತಿಂಗಳಲ್ಲೇ.

ಕೊನೆಯ ದಿನಗಳಲ್ಲಿ ಮಗುವಿನ ಮಿಸುಕಾಟ ಕಡಿಮೆಯಾಗುವುದು ಸಹಜವೇ?

ಸಹಜವಲ್ಲ. ಒಳಗೆ ಜಾಗ ಕಿರಿದಾಗುವುದರಿಂದ ಮಗು ಅಲುಗಾಡುವುದು ಕಡಿಮೆಯಾಗುತ್ತದೆ ಎಂಬ ಮಾತನ್ನು ಹಿರಿಯರೂ ಗೆಳತಿಯರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಾತನ್ನು ನಂಬಿ ಕುಳಿತು ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಂಡವರಿದ್ದಾರೆ. ಬದಲಾಗುವುದು ಮಿಸುಕಾಟದ ಬಗೆ ಮಾತ್ರ. ರಪ್ಪನೆ ಒದೆಯುತ್ತಿದ್ದ ಮಗು ಈಗ ಹೊರಳಬಹುದು, ಒತ್ತಬಹುದು, ಮೈಮುರಿಯಬಹುದು. ದಿನದಲ್ಲಿ ಒಟ್ಟಾರೆ ಎಷ್ಟು ಸಲ ಅಲುಗಾಡುತ್ತದೆ ಎಂಬುದು ಹೆರಿಗೆ ನೋವು ಆರಂಭವಾಗುವವರೆಗೂ, ನೋವಿನ ನಡುವೆಯೂ, ಕುಗ್ಗಬಾರದು.

ಹೊಟ್ಟೆಯೊಳಗಿನ ಮಗು ಸಾಮಾನ್ಯವಾಗಿ 20ರಿಂದ 40 ನಿಮಿಷಗಳ ಕಾಲ ನಿದ್ರಿಸುತ್ತದೆ, ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಸುಮ್ಮನಿರುವುದು ಅಪರೂಪ. ಸಂಜೆ ಮತ್ತು ರಾತ್ರಿ ಮಗು ಹೆಚ್ಚು ಚುರುಕಾಗಿರುವುದನ್ನು ಅನೇಕ ತಾಯಂದಿರು ಗಮನಿಸಿರುತ್ತಾರೆ. ಎಣಿಸುವ ಇಚ್ಛೆಯಿದ್ದರೆ ಪ್ರತಿದಿನ ಒಂದೇ ಹೊತ್ತಿನಲ್ಲಿ ಒಂದು ಮಗ್ಗುಲಿಗೆ ಮಲಗಿ ಹತ್ತು ಚಲನೆಗಳಿಗೆ ಎಷ್ಟು ಸಮಯ ಹಿಡಿಯಿತೆಂದು ಬರೆದಿಟ್ಟುಕೊಳ್ಳಬಹುದು. ಎರಡು ಗಂಟೆಯಾದರೂ ಹತ್ತು ಆಗದಿದ್ದರೆ ಆಸ್ಪತ್ರೆಗೆ ತಿಳಿಸಬೇಕು. ಆದರೂ ಎಲ್ಲ ತಾಯಂದಿರಿಗೂ ಒಪ್ಪುವ ಒಂದೇ ಸಂಖ್ಯೆ ಎಂಬುದಿಲ್ಲ. ನಿಮ್ಮ ಮಗುವಿನ ದಿನಚರಿ ನಿಮಗೆ ಗೊತ್ತು. ಹತ್ತು ಆದವು ನಿಜ, ಆದರೆ ಎಂದಿನಂತಿಲ್ಲ ಎಂದು ನಿಮಗೆ ಅನ್ನಿಸಿದರೆ ಆ ಅನ್ನಿಸಿಕೆಯೇ ಆಸ್ಪತ್ರೆಗೆ ಹೋಗಲು ಸಾಕಷ್ಟು ಕಾರಣ.

ಚಲನೆ ಕಡಿಮೆಯಾಗಿದೆ ಎನ್ನಿಸಿದಾಗ ಬೆಳಗಾಗಲಿ ಎಂದು ಕಾಯಬಾರದು. ಸಿಹಿ ತಿಂದು, ತಣ್ಣೀರು ಕುಡಿದು ಮಗುವನ್ನು ಎಬ್ಬಿಸುವ ಪ್ರಯತ್ನದಲ್ಲಿ ಹೊತ್ತು ಕಳೆಯಬಾರದು. ಮನೆಯಲ್ಲೇ ಹೃದಯದ ಬಡಿತ ಕೇಳಿಸುವ ಸಣ್ಣ ಡಾಪ್ಲರ್ ಯಂತ್ರಗಳನ್ನು ನಂಬುವುದಂತೂ ಅಪಾಯಕಾರಿ. ಅದರಲ್ಲಿ ಕೇಳಿಸುವುದು ತಾಯಿಯ ನಾಡಿಯೇ ಆಗಿರಬಹುದು, ಮತ್ತು ಬಡಿತ ಕೇಳಿಸಿದ ಮಾತ್ರಕ್ಕೆ ಮಗು ಕ್ಷೇಮವೆಂದು ಅರ್ಥವಲ್ಲ. ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಹೃದಯದ ಗತಿಯನ್ನು ಕೆಲವು ಹೊತ್ತು ದಾಖಲಿಸಿ, ಅಗತ್ಯವಿದ್ದರೆ ಸ್ಕ್ಯಾನಿಂಗ್ ಮಾಡಿ ನೋಡುತ್ತಾರೆ. ಎಲ್ಲವೂ ಸರಿಯಾಗಿದೆ ಎಂದು ಮನೆಗೆ ಕಳುಹಿಸಿದ ಮರುದಿನ ಮತ್ತೆ ಅದೇ ಅನುಭವವಾದರೆ ಮತ್ತೆ ಹೋಗಬೇಕು. ಎರಡನೆಯ ಸಲ ಹೋಗಲು ಸಂಕೋಚಪಡುವವರೇ ಹೆಚ್ಚು. ದಯವಿಟ್ಟು ಆ ಸಂಕೋಚ ಇಟ್ಟುಕೊಳ್ಳಬೇಡಿ.

ಉಸಿರು ಕಟ್ಟಿದಂತಾಗುವುದು, ಎದೆಯುರಿ, ಪದೇ ಪದೇ ಮೂತ್ರಕ್ಕೆ ಹೋಗುವುದು: ಇವೆಲ್ಲ ಏಕೆ?

ಬೆಳೆದ ಗರ್ಭಕೋಶ ಮೇಲೆ ವಪೆಯನ್ನೂ (ಎದೆ ಮತ್ತು ಹೊಟ್ಟೆಯ ನಡುವಿನ, ಉಸಿರಾಟಕ್ಕೆ ನೆರವಾಗುವ ಸ್ನಾಯು) ಜಠರವನ್ನೂ, ಕೆಳಗೆ ಮೂತ್ರಕೋಶವನ್ನೂ ಒತ್ತುತ್ತಿರುತ್ತದೆ. ಜೊತೆಗೆ ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಭಾವದಿಂದ ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗಿ ಜಠರದ ಆಮ್ಲ ಮೇಲಕ್ಕೆ ಬರುತ್ತದೆ. ಒಮ್ಮೆಲೇ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ತಿನ್ನುವುದು, ಉಂಡ ಕೂಡಲೇ ಮಲಗದಿರುವುದು, ಮಲಗುವಾಗ ತಲೆ ಮತ್ತು ಭುಜಗಳನ್ನು ಎತ್ತರಿಸಿಕೊಳ್ಳುವುದು ಎದೆಯುರಿಯನ್ನು ಕಡಿಮೆ ಮಾಡುತ್ತವೆ. ಚೊಚ್ಚಲ ಬಸುರಿನಲ್ಲಿ ಹೆರಿಗೆಗೆ ಎರಡರಿಂದ ನಾಲ್ಕು ವಾರ ಮೊದಲೇ ಮಗುವಿನ ತಲೆ ಸೊಂಟದ ಗೂಡಿಗೆ ಇಳಿಯುವುದುಂಟು. ಆಗ ಉಸಿರಾಟ ಹಗುರವಾಗುತ್ತದೆ, ಮೂತ್ರದ ಒತ್ತಡ ಮಾತ್ರ ಹೆಚ್ಚುತ್ತದೆ.

ಮೆಟ್ಟಿಲು ಹತ್ತಿದಾಗ ಏದುಸಿರು ಬರುವುದು ಬೇರೆ. ಸುಮ್ಮನೆ ಕುಳಿತಾಗಲೂ ಥಟ್ಟನೆ ಉಸಿರು ಕಟ್ಟುವುದು, ಎದೆನೋವು ಬರುವುದು, ಎದೆ ಡವಡವ ಬಡಿದುಕೊಳ್ಳುವುದು ಬೇರೆ. ಎರಡನೆಯದು ತುರ್ತು. ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ಮುಟ್ಟಿದರೆ ನೋಯುವಂತಾದರೆ ಅದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣವಾಗಿರಬಹುದು. ಅದನ್ನು ತಿಕ್ಕದೆ, ನೀವದೆ, ಆಸ್ಪತ್ರೆಗೆ ಹೋಗಬೇಕು. ಮೂತ್ರ ಮಾಡುವಾಗ ಉರಿ ಅಥವಾ ಜ್ವರ ಇದ್ದರೆ ಅದು ಸೋಂಕು, ಅದಕ್ಕೆ ಚಿಕಿತ್ಸೆ ಬೇಕು. ಬೆನ್ನುನೋವು, ರಾತ್ರಿ ಹೊತ್ತು ಕಾಲಿನ ಸೆಳೆತ, ಬೆರಳುಗಳು ಜೋಮು ಹಿಡಿಯುವುದು, ಮಲಬದ್ಧತೆ, ಮೂಲವ್ಯಾಧಿ ಇವು ಕಷ್ಟ ಕೊಡುತ್ತವೆಯಾದರೂ ಸಾಮಾನ್ಯವಾಗಿ ಅಪಾಯ ತರುವುದಿಲ್ಲ, ಮತ್ತು ಹೆರಿಗೆಯ ನಂತರ ಬಹುಮಟ್ಟಿಗೆ ತಾವೇ ಕಡಿಮೆಯಾಗುತ್ತವೆ.

ಯಾವ ಮಗ್ಗುಲಿಗೆ ಮಲಗಬೇಕು? ನಿದ್ದೆಯಲ್ಲಿ ಅಂಗಾತ ಹೊರಳಿದರೆ ಮಗುವಿಗೆ ತೊಂದರೆಯೇ?

28 ವಾರಗಳ ನಂತರ ಮಗ್ಗುಲಾಗಿ ಮಲಗಿ ನಿದ್ದೆಹೋಗುವುದು ಒಳ್ಳೆಯದು. ಅಂಗಾತ ಮಲಗಿದಾಗ ಗರ್ಭಕೋಶದ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಅದರಿಂದ ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಎಡ ಮಗ್ಗುಲೇ ಆಗಬೇಕೆಂಬ ನಿರ್ಬಂಧವಿಲ್ಲ. ಬಲ ಮಗ್ಗುಲೂ ಆಗುತ್ತದೆ. ನಡುರಾತ್ರಿ ಎಚ್ಚರವಾದಾಗ ಅಂಗಾತ ಮಲಗಿರುವುದು ಕಂಡರೆ ಮಗ್ಗುಲಾಗಿ ಮತ್ತೆ ಮಲಗಿದರೆ ಸಾಕು, ಅದಕ್ಕಾಗಿ ಕೊರಗಬೇಕಾಗಿಲ್ಲ. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೆ ಆನಿಕೆಯಾಗಿ ಇನ್ನೊಂದು ಇಟ್ಟುಕೊಂಡರೆ ಸೊಂಟದ ನೋವೂ ಕಡಿಮೆಯಾಗುತ್ತದೆ.

ಕಾಲು ಊದಿಕೊಂಡಿದೆ. ಇದು ಸಹಜವೇ, ಅಥವಾ ರಕ್ತದೊತ್ತಡದ ಲಕ್ಷಣವೇ?

ಸಂಜೆಯ ಹೊತ್ತಿಗೆ ಪಾದ ಮತ್ತು ಕಣಕಾಲುಗಳು ಊದಿ, ರಾತ್ರಿ ಕಾಲು ಚಾಚಿ ಮಲಗಿದ ಮೇಲೆ ಬೆಳಗ್ಗೆ ಇಳಿದಿದ್ದರೆ ಅದು ಬಹಳ ಮಂದಿ ಗರ್ಭಿಣಿಯರಲ್ಲಿ ಕಾಣುವ ಸಾಮಾನ್ಯ ಊತ. ಮುಖ, ಕಣ್ಣಿನ ಸುತ್ತ ಮತ್ತು ಕೈಗಳಲ್ಲಿ ಒಂದೆರಡು ದಿನಗಳಲ್ಲೇ ಕಾಣಿಸಿಕೊಂಡ ಊತ ಹಾಗಲ್ಲ. ಅದು ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆಯ ಲಕ್ಷಣವಾಗಿರಬಹುದು, ಮತ್ತು ಈ ಕಾಯಿಲೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

20 ವಾರಗಳ ನಂತರ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಅದರ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಅಥವಾ ಯಕೃತ್ತು, ಮೂತ್ರಪಿಂಡ, ರಕ್ತದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಪರೀಕ್ಷೆಗಳಲ್ಲಿ ಏರುಪೇರು ಕಂಡರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಒತ್ತಡ 160/110 ಮುಟ್ಟಿದರೆ ತೀವ್ರ ಸ್ವರೂಪ. ಆರಂಭದಲ್ಲಿ ಯಾವ ತೊಂದರೆಯೂ ಗೊತ್ತಾಗದೆ ಇರಬಹುದಾದ್ದರಿಂದಲೇ ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ಮತ್ತು ಮೂತ್ರವನ್ನು ಪರೀಕ್ಷಿಸುತ್ತಾರೆ. ಮೈ ಚೆನ್ನಾಗಿಯೇ ಇದೆ ಎಂದು ಒಂದು ಭೇಟಿಯನ್ನು ತಪ್ಪಿಸುವುದು ಸರಿಯಲ್ಲ. ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಹೊಡೆದಂತೆ ಕಾಣುವುದು, ಪಕ್ಕೆಲುಬಿನ ಕೆಳಗೆ ಅದರಲ್ಲೂ ಬಲಗಡೆ ನೋವು, ವಾಂತಿ, ಥಟ್ಟನೆ ತೂಕ ಏರುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಬಲಗಡೆಯ ಆ ನೋವನ್ನು ಗ್ಯಾಸ್ಟ್ರಿಕ್ ಎಂದು ತಿಳಿದು ಮನೆಯಲ್ಲೇ ಉಳಿಯುವುದು ಅಪಾಯಕ್ಕೆ ದಾರಿಯಾಗುತ್ತದೆ. ಚಿಕಿತ್ಸೆ ಸಿಗದೆ ಹೋದರೆ ಫಿಟ್ಸ್ ಬರಬಹುದು. ಅದನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಔಷಧ ಕೊಡುತ್ತಾರೆ. ಒತ್ತಡವನ್ನು ಔಷಧದಿಂದ ಹಿಡಿದಿಡಬಹುದೇ ಹೊರತು ಕಾಯಿಲೆ ಇಳಿಯಲು ಆರಂಭಿಸುವುದು ಹೆರಿಗೆಯಾದ ಮೇಲೆಯೇ. ಹೆರಿಗೆಯ ನಂತರದ ಆರು ವಾರಗಳಲ್ಲಿಯೂ ಇದು ಹೊಸದಾಗಿ ಕಾಣಿಸಿಕೊಳ್ಳಬಹುದು ಎಂಬುದನ್ನು ಮನೆಯವರೂ ತಿಳಿದಿರಬೇಕು.

ಮೈ ತುರಿಸುತ್ತದೆ. ಏನು ಮಾಡಬೇಕು?

ಹಿಗ್ಗಿದ ಹೊಟ್ಟೆಯ ಚರ್ಮ ತುರಿಸುವುದು ಸಾಮಾನ್ಯ. ಆದರೆ ಗುಳ್ಳೆಯಿಲ್ಲದೆ, ಅಂಗೈ ಅಂಗಾಲುಗಳಲ್ಲಿ, ರಾತ್ರಿ ಹೊತ್ತು ಹೆಚ್ಚಾಗುವ ತುರಿಕೆ ಯಕೃತ್ತಿನಲ್ಲಿ ಪಿತ್ತರಸದ ಹರಿವು ನಿಧಾನವಾಗಿರುವುದರ ಸೂಚನೆಯಾಗಿರಬಹುದು. ರಕ್ತದಲ್ಲಿ ಪಿತ್ತಾಮ್ಲಗಳ ಪ್ರಮಾಣ ತೀರ ಹೆಚ್ಚಾದರೆ ಮಗುವಿಗೆ ಅಪಾಯವಿರುವುದರಿಂದ ರಕ್ತಪರೀಕ್ಷೆ ಮಾಡಿಸಬೇಕು. ಮುಲಾಮು ಹಚ್ಚಿ ಸುಮ್ಮನಿರಬಾರದು.

ಸ್ವಲ್ಪವೇ ರಕ್ತ ಕಂಡರೂ ಹೋಗಬೇಕೇ?

ಹೌದು, ಎಷ್ಟೇ ಕಡಿಮೆಯಿದ್ದರೂ ತಿಳಿಸಬೇಕು. ನೋವಿಲ್ಲದೆ ಕೆಂಪು ರಕ್ತ ಹೋದರೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿರಬಹುದು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಬಿಡದೆ ನೋಯುತ್ತಿದ್ದರೆ ಮಾಸು ಅವಧಿಗೆ ಮೊದಲೇ ಕಳಚಿಕೊಳ್ಳುತ್ತಿರಬಹುದು. ಇದರಲ್ಲಿ ರಕ್ತ ಒಳಗೇ ಉಳಿದು ಹೊರಗೆ ಕಾಣದೆಯೂ ಇರಬಹುದು, ಆದ್ದರಿಂದ ರಕ್ತದ ಪ್ರಮಾಣವನ್ನು ನೋಡಿ ಅಪಾಯವನ್ನು ಅಳೆಯಲಾಗದು. ಹೆರಿಗೆ ಹತ್ತಿರವಾದಾಗ ಲೋಳೆಯ ಜೊತೆ ಎಳೆಎಳೆಯಾಗಿ ಕಾಣುವ ರಕ್ತ ಮಾತ್ರ ಸಹಜವಾದದ್ದು.

ಈ ಅವಧಿಯಲ್ಲಿ ಯಾವ ಪರೀಕ್ಷೆಗಳು, ಯಾವ ಲಸಿಕೆಗಳು ಇರುತ್ತವೆ?

ಇಡೀ ಗರ್ಭಾವಸ್ಥೆಯಲ್ಲಿ ಕನಿಷ್ಠ ಎಂಟು ಸಲ ತಪಾಸಣೆಯಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ನೀಡಿತು. ಅವುಗಳಲ್ಲಿ ಐದು ಈ ಅವಧಿಯಲ್ಲೇ ಬರುತ್ತವೆ: 30, 34, 36, 38 ಮತ್ತು 40ನೆಯ ವಾರಗಳಲ್ಲಿ. ಸಕ್ಕರೆ ಪರೀಕ್ಷೆಯನ್ನು 24ರಿಂದ 28ನೆಯ ವಾರಗಳ ನಡುವೆ ಮಾಡಿಸಿರದಿದ್ದರೆ ವೈದ್ಯರಿಗೆ ನೆನಪಿಸಬೇಕು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿ, ಪರೀಕ್ಷೆಯಲ್ಲಿ ಪ್ರತಿಕಾಯಗಳು ಕಂಡುಬರದಿದ್ದರೆ 28ನೆಯ ವಾರದ ಸುಮಾರಿಗೆ ಆಂಟಿ-ಡಿ ಚುಚ್ಚುಮದ್ದು ಕೊಡುವ ಪದ್ಧತಿಯಿದೆ, ಮತ್ತು ಹುಟ್ಟಿದ ಮಗುವಿನ ಗುಂಪು ಪಾಸಿಟಿವ್ ಆಗಿದ್ದರೆ 72 ಗಂಟೆಗಳೊಳಗೆ ಇನ್ನೊಂದನ್ನು ಕೊಡುತ್ತಾರೆ. ಇದನ್ನು ತಪ್ಪಿಸಿದರೆ ತೊಂದರೆಯಾಗುವುದು ಹೆಚ್ಚಾಗಿ ಮುಂದಿನ ಮಗುವಿಗೆ.

ನಾಯಿಕೆಮ್ಮಿನ ವಿರುದ್ಧ ರಕ್ಷಣೆಯೂ ಸೇರಿರುವ ಟಿಡ್ಯಾಪ್ ಲಸಿಕೆಯನ್ನು 27ರಿಂದ 36ನೆಯ ವಾರಗಳ ನಡುವೆ ಕೊಡುವುದು ಅನೇಕ ದೇಶಗಳ ಕ್ರಮ. ತಾಯಿಯಲ್ಲಿ ಉಂಟಾದ ಪ್ರತಿಕಾಯಗಳು ಮಾಸಿನ ಮೂಲಕ ದಾಟಿ, ಮಗು ತಾನೇ ಲಸಿಕೆ ಪಡೆಯುವ ವಯಸ್ಸಿಗೆ ಬರುವವರೆಗೆ ಅದನ್ನು ಕಾಯುತ್ತವೆ. ಫ್ಲೂ ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಪಡೆಯಬಹುದು.

ಆಹಾರ ಮತ್ತು ಮಾತ್ರೆಗಳ ವಿಷಯದಲ್ಲಿ ಏನು ಗಮನಿಸಬೇಕು?

ಇಬ್ಬರಿಗೆ ಬೇಕಾದಷ್ಟು ಉಣ್ಣಬೇಕೆಂಬ ಮಾತಿಗೆ ಆಧಾರವಿಲ್ಲ. ಈ ಅವಧಿಯಲ್ಲಿ ಬೇಕಾಗುವ ಹೆಚ್ಚುವರಿ ಆಹಾರ ದಿನಕ್ಕೆ ಒಂದು ಸಣ್ಣ ಊಟದಷ್ಟು. ಸಾಧಾರಣ ಮೈಕಟ್ಟಿನವರಲ್ಲಿ ವಾರಕ್ಕೆ ಸುಮಾರು ಅರ್ಧ ಕಿಲೋದಷ್ಟು ತೂಕ ಏರುತ್ತದೆ. ಹೀಮೋಗ್ಲೋಬಿನ್ ಮಟ್ಟ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಪರಿಗಣಿಸುತ್ತಾರೆ. ರಕ್ತಹೀನತೆಯಿರುವ ತಾಯಿಗೆ ಹೆರಿಗೆಯಲ್ಲಿ ಆಗುವ ಸಾಧಾರಣ ರಕ್ತಸ್ರಾವವೂ ಅಪಾಯಕಾರಿಯಾಗಬಲ್ಲದಾದ್ದರಿಂದ ಕಬ್ಬಿಣದ ಮಾತ್ರೆಯನ್ನು ನಡುವೆ ಬಿಡಬಾರದು. ಚಹಾ, ಕಾಫಿ ಮತ್ತು ಕ್ಯಾಲ್ಸಿಯಂ ಮಾತ್ರೆ ಕಬ್ಬಿಣ ಹೀರಲ್ಪಡುವುದನ್ನು ತಡೆಯುತ್ತವೆ, ಹುಳಿ ಹಣ್ಣಿನ ರಸ ಅದಕ್ಕೆ ನೆರವಾಗುತ್ತದೆ; ಆದ್ದರಿಂದ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಕೆಲವು ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬೇಕು. ಮಲ ಕಪ್ಪಾಗುವುದು ಮಾತ್ರೆಯ ಪರಿಣಾಮ, ಅದಕ್ಕೆ ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದರೆ ವೈದ್ಯರು ಬೇರೆ ಬಗೆಯ ಕಬ್ಬಿಣವನ್ನು ಅಥವಾ ಚುಚ್ಚುಮದ್ದನ್ನು ಸೂಚಿಸಬಲ್ಲರು.

ನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬಾರದು. ಅವು 20 ವಾರಗಳ ನಂತರ ಮಗುವಿನ ಮೂತ್ರಪಿಂಡದ ಮೇಲೆ ಪರಿಣಾಮ ಬೀರಿ ಗರ್ಭಜಲವನ್ನು ಕಡಿಮೆ ಮಾಡಬಲ್ಲವು, 30 ವಾರಗಳ ನಂತರ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಅಕಾಲದಲ್ಲಿ ಮುಚ್ಚಿಕೊಳ್ಳಲು ಕಾರಣವಾಗಬಲ್ಲವು. ರಕ್ತದೊತ್ತಡ ಏರದಿರಲೆಂದು ವೈದ್ಯರೇ ಕೊಟ್ಟಿರುವ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇರೆಯೇ ವಿಷಯ. ಅದನ್ನು ಅವರನ್ನು ಕೇಳದೆ ನಿಲ್ಲಿಸಬಾರದು.

ನಡಿಗೆ, ಪ್ರಯಾಣ, ದಾಂಪತ್ಯ ಸಂಬಂಧ ಇವುಗಳನ್ನು ನಿಲ್ಲಿಸಬೇಕೇ?

ರಕ್ತಸ್ರಾವವಿಲ್ಲದಿದ್ದರೆ, ನೀರು ಹೋಗಿರದಿದ್ದರೆ, ಮಾಸು ಕೆಳಗಿಲ್ಲದಿದ್ದರೆ, ಅವಧಿಗೆ ಮೊದಲೇ ನೋವು ಬರುವ ಸೂಚನೆಯಿಲ್ಲದಿದ್ದರೆ ಮೂರನ್ನೂ ನಿಲ್ಲಿಸಬೇಕಾಗಿಲ್ಲ. ಕಾರಿನಲ್ಲಿ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆಗಳ ಮೇಲ್ಭಾಗದಲ್ಲಿ ಇರಬೇಕು. ಬಹುತೇಕ ವಿಮಾನ ಸಂಸ್ಥೆಗಳು 36 ವಾರಗಳ ನಂತರ, ಅವಳಿಗಳಿದ್ದರೆ ಇನ್ನೂ ಮೊದಲೇ, ಗರ್ಭಿಣಿಯರನ್ನು ಹತ್ತಿಸಿಕೊಳ್ಳುವುದಿಲ್ಲ.

ಮಗುವಿನ ತಲೆ ಇನ್ನೂ ಮೇಲಿದೆ ಎಂದಿದ್ದಾರೆ. ಸಿಸೇರಿಯನ್ ಆಗಲೇಬೇಕೇ?

28ನೆಯ ವಾರದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗು ತಲೆ ಮೇಲಾಗಿ ಇರುತ್ತದೆ, ಪೂರ್ಣಾವಧಿಯ ಹೊತ್ತಿಗೆ ನೂರರಲ್ಲಿ ಮೂರು ನಾಲ್ಕು ಮಾತ್ರ ಹಾಗೆ ಉಳಿಯುತ್ತವೆ. ಆದ್ದರಿಂದ 30ನೆಯ ವಾರದ ವರದಿಯಲ್ಲಿ ಹಾಗೆ ಬರೆದಿದ್ದರೆ ಚಿಂತೆಗೆ ಕಾರಣವಿಲ್ಲ. 36 ವಾರ ಕಳೆದರೂ ತಿರುಗದಿದ್ದರೆ ತಜ್ಞರು ಹೊಟ್ಟೆಯ ಮೇಲಿನಿಂದ ಕೈಯಿಂದ ಒತ್ತಿ ಮಗುವನ್ನು ತಿರುಗಿಸಲು ಪ್ರಯತ್ನಿಸಬಹುದು. ಸುಮಾರು ಅರ್ಧದಷ್ಟು ಮಂದಿಯಲ್ಲಿ ಅದು ಫಲಿಸುತ್ತದೆ. ಆಸ್ಪತ್ರೆಯ ಹೊರಗೆ, ತರಬೇತಿಯಿಲ್ಲದವರಿಂದ ಹೊಟ್ಟೆ ತಿಕ್ಕಿಸಿ ತಿರುಗಿಸಲು ಹೋಗುವುದು ಮಾಸು ಕಳಚುವಂಥ ಅಪಾಯವನ್ನು ಆಹ್ವಾನಿಸಿದಂತೆ.

ಸುಳ್ಳು ನೋವನ್ನೂ ನಿಜವಾದ ಹೆರಿಗೆ ನೋವನ್ನೂ ಹೇಗೆ ಗುರುತಿಸುವುದು?

ಹೊಟ್ಟೆ ಆಗಾಗ ಗಟ್ಟಿಯಾಗಿ ಮತ್ತೆ ಸಡಿಲವಾಗುವುದನ್ನು 1872ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ವಿವರಿಸಿದರು, ಅವರ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ಇವುಗಳಿಗೆ ಕ್ರಮವಿರುವುದಿಲ್ಲ, ಎದ್ದು ಓಡಾಡಿದರೆ, ನೀರು ಕುಡಿದರೆ, ಮೂತ್ರ ಮಾಡಿ ಬಂದರೆ ತಣ್ಣಗಾಗುತ್ತವೆ. ನಿಜವಾದ ನೋವು ಏನು ಮಾಡಿದರೂ ನಿಲ್ಲುವುದಿಲ್ಲ. ಅದು ಸಾಮಾನ್ಯವಾಗಿ ಬೆನ್ನಿನಿಂದ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ, ಗಂಟೆ ಕಳೆದಂತೆ ಬಲವಾಗುತ್ತದೆ, ಒಂದೊಂದು ಅಲೆಯೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ನಡುವಿನ ಬಿಡುವು ಕಿರಿದಾಗುತ್ತದೆ. ನೋವು ಜೋರಾಗಿರುವಾಗ ಮಾತು ಮುಂದುವರಿಸಲಾಗದಿದ್ದರೆ ಅದು ಬಹುಮಟ್ಟಿಗೆ ನಿಜವಾದದ್ದೇ.

ಚೊಚ್ಚಲ ಹೆರಿಗೆಯಲ್ಲಿ, ಬೇರೆ ತೊಂದರೆಗಳಿಲ್ಲದಿದ್ದರೆ, ಐದು ನಿಮಿಷಕ್ಕೊಮ್ಮೆ ಬಂದು ಒಂದು ನಿಮಿಷ ನಿಲ್ಲುವ ನೋವು ಒಂದು ಗಂಟೆ ಕಾಲ ಹಾಗೆಯೇ ಮುಂದುವರಿದಾಗ ಆಸ್ಪತ್ರೆಗೆ ಹೊರಡುವುದು ರೂಢಿಯಲ್ಲಿರುವ ಲೆಕ್ಕ. ಆಸ್ಪತ್ರೆ ದೂರವಿದ್ದರೆ, ಇದು ಎರಡನೆಯ ಹೆರಿಗೆಯಾಗಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ ಅಷ್ಟು ಕಾಯಬಾರದು. ಬಹಳ ಬೇಗ ಬಂದಿದ್ದೀರಿ ಎಂದು ಮರಳಿ ಕಳುಹಿಸಿದರೆ ಅದು ಅವಮಾನದ ಸಂಗತಿಯಲ್ಲ. ಗರ್ಭಕಂಠ ಮೊದಲ ಐದು ಸೆಂಟಿಮೀಟರ್ ತೆರೆದುಕೊಳ್ಳುವವರೆಗಿನ ಹಂತ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಸಾಗುತ್ತದೆ, ಕೆಲವರಲ್ಲಿ ಒಂದು ದಿನಕ್ಕೂ ಮೀರಬಹುದು.

ನೀರು ಹೋದರೆ ಏನು ಮಾಡಬೇಕು?

ನೋವು ಬರುವ ಮೊದಲೇ ನೀರಿನ ಚೀಲ ಒಡೆಯುವುದು ಪೂರ್ಣಾವಧಿಯಲ್ಲಿ ನೂರರಲ್ಲಿ ಎಂಟು ಹತ್ತು ಮಂದಿಗೆ ಮಾತ್ರ. ಎಲ್ಲರಿಗೂ ಒಮ್ಮೆಲೇ ಧಾರೆಯಾಗಿ ಹೋಗುವುದಿಲ್ಲ. ಒಳಉಡುಪು ಸದಾ ಒದ್ದೆಯಾಗಿರುವಷ್ಟೇ ಇರಬಹುದು, ಅದನ್ನು ಮೂತ್ರವೆಂದು ತಪ್ಪಾಗಿ ತಿಳಿಯುವುದೂ ಇದೆ. ಸಂದೇಹವಿದ್ದರೆ ಶುಭ್ರವಾದ ಪ್ಯಾಡ್ ಇಟ್ಟುಕೊಂಡು, ಹೋದ ಸಮಯ, ಬಣ್ಣ, ವಾಸನೆ ಗಮನಿಸಿ ಆಸ್ಪತ್ರೆಗೆ ಹೋಗಬೇಕು. ತಿಳಿಯಾಗಿ ಅಥವಾ ತುಸು ಗುಲಾಬಿಯಾಗಿ ಇರುವುದು ಸಹಜ. ಹಸಿರು ಅಥವಾ ಕಂದು ಬಣ್ಣವಿದ್ದರೆ ಮಗು ಒಳಗೇ ಮಲವಿಸರ್ಜಿಸಿದೆ ಎಂದರ್ಥ, ದುರ್ವಾಸನೆಯಿದ್ದರೆ ಸೋಂಕು, ಎರಡೂ ತುರ್ತು. 37 ವಾರಕ್ಕೆ ಮೊದಲು ಹೋದರಂತೂ ಕ್ಷಣವೂ ತಡಮಾಡಬಾರದು. ನೀರು ಹೋದ ಮೇಲೆ ಒಳಗೆ ಏನನ್ನೂ ಇಟ್ಟುಕೊಳ್ಳಬಾರದು. ಯೋನಿಯಲ್ಲಿ ಹೊಕ್ಕುಳಬಳ್ಳಿ ಕಂಡರೆ ಅಥವಾ ಕೈಗೆ ತಾಗಿದರೆ ಮಂಡಿಯೂರಿ, ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟ ಮೇಲೆ ಬರುವಂತೆ ಬಾಗಿದ್ದು ಆಂಬುಲೆನ್ಸ್ ಕರೆಸಬೇಕು. ಇದು ಅಪರೂಪ, ಆದರೆ ತಿಳಿದಿರುವುದರಿಂದ ಮಗುವಿನ ಜೀವ ಉಳಿಯಬಹುದು.

ಅವಧಿಗೆ ಮೊದಲೇ ನೋವು ಬಂದರೆ?

ಮುಟ್ಟಿನ ನೋವಿನಂಥ ಸೆಳೆತ, ಬಿಟ್ಟು ಬಿಟ್ಟು ಬರುವ ಬೆನ್ನುನೋವು, ಕೆಳಹೊಟ್ಟೆಯ ಒತ್ತಡ ಇವು 37 ವಾರಗಳ ಮೊದಲು ಕ್ರಮವಾಗಿ ಬರತೊಡಗಿದರೆ ತಕ್ಷಣ ಹೋಗಬೇಕು. ಬೇಗ ಹೋಗುವುದರಿಂದ ಆಗುವ ದೊಡ್ಡ ಪ್ರಯೋಜನವೊಂದಿದೆ: 34 ವಾರಗಳ ಮೊದಲು ಹೆರಿಗೆಯಾಗುವ ಸಂಭವವಿದ್ದರೆ ತಾಯಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಬಲಪಡಿಸುತ್ತದೆ, ಮತ್ತು ಅದು ಚೆನ್ನಾಗಿ ಕೆಲಸ ಮಾಡಲು ಸುಮಾರು ಒಂದು ದಿನ ಬೇಕು. ಮನೆಯಲ್ಲಿ ಕಾದು ಕಳೆದ ಆರು ಗಂಟೆ ಆ ಒಂದು ದಿನದಿಂದಲೇ ಕಳೆಯುತ್ತದೆ.

ದಿನ ಮೀರಿದರೂ ನೋವು ಬರದಿದ್ದರೆ?

41 ವಾರ ತುಂಬಿದಾಗ ನೋವು ಬರಿಸುವ ಸಲಹೆಯನ್ನು ಸಾಮಾನ್ಯವಾಗಿ ಕೊಡುತ್ತಾರೆ, ಏಕೆಂದರೆ ಅದರಿಂದಾಚೆಗೆ ಮಗು ಒಳಗೇ ತೀರಿಕೊಳ್ಳುವ ಅಪಾಯ, ಒಟ್ಟಾರೆ ಕಡಿಮೆಯೇ ಆದರೂ, ಏರುತ್ತಾ ಹೋಗುತ್ತದೆ. ಗರ್ಭಕಂಠವನ್ನು ಮೆದುಗೊಳಿಸಲು ಪ್ರೊಸ್ಟಗ್ಲಾಂಡಿನ್ ಔಷಧ ಅಥವಾ ಸಣ್ಣ ಬಲೂನ್ ಬಳಸಿ, ಆಮೇಲೆ ಬೇಕಾದರೆ ಆಕ್ಸಿಟೋಸಿನ್ ಡ್ರಿಪ್ ಹಾಕುತ್ತಾರೆ. ಇದು ಕೆಲವೊಮ್ಮೆ ಒಂದೆರಡು ದಿನ ಹಿಡಿಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಮನಸ್ಸು ಕುಗ್ಗುವುದಿಲ್ಲ. ಹರಳೆಣ್ಣೆ ಕುಡಿದು ನೋವು ಬರಿಸಿಕೊಳ್ಳುವ ಪ್ರಯತ್ನ ಬೇಡ. ವಾಂತಿ ಭೇದಿಯಿಂದ ಬಳಲಿದ ದೇಹ ಹೆರಿಗೆಗೆ ಸಿದ್ಧವಾಗಿರುವುದಿಲ್ಲ.

ಹೆರಿಗೆಯನ್ನು ನೆನೆದರೆ ಭಯವಾಗುತ್ತದೆ. ಇದು ದೌರ್ಬಲ್ಯವೇ?

ಖಂಡಿತ ಅಲ್ಲ. ಭಯವನ್ನು ವೈದ್ಯರ ಮುಂದೆ ಹೇಳಿಕೊಂಡರೆ ನೋವು ಶಮನಕ್ಕೆ ಯಾವ ಮಾರ್ಗಗಳಿವೆ, ಜೊತೆಯಲ್ಲಿ ಯಾರು ಇರಬಹುದು ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬಹುದು. ನಂಬಿಕೆಯ ಒಬ್ಬರು ಹೆರಿಗೆಯ ಉದ್ದಕ್ಕೂ ಜೊತೆಗಿದ್ದರೆ ಸಹಜ ಹೆರಿಗೆಯ ಸಂಭವ ಹೆಚ್ಚುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡಿರುವ ಸಂಗತಿ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅಳು ತಡೆಯಲಾಗದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಖಿನ್ನತೆಯಾಗಿರಬಹುದು. ಬಸುರಿನಲ್ಲಿಯೂ ಅದಕ್ಕೆ ಸುರಕ್ಷಿತವಾದ ಚಿಕಿತ್ಸೆಗಳಿವೆ, ಬದುಕು ಬೇಡವೆನಿಸಿದ ದಿನವಂತೂ ಒಬ್ಬರೇ ಇರದೆ ಆಗಲೇ ನೆರವು ಕೇಳಬೇಕು.

ಆಸ್ಪತ್ರೆಗೆ ಹೋಗಲು ಏನೇನು ಸಿದ್ಧವಿರಬೇಕು?

36ನೆಯ ವಾರದೊಳಗೆ ಒಂದು ಚೀಲ ಕಟ್ಟಿಟ್ಟಿರಬೇಕು. ಬಟ್ಟೆಬರೆಯನ್ನು ಯಾರಾದರೂ ಆಮೇಲೆ ತಂದುಕೊಡಬಲ್ಲರು. ತಪಾಸಣೆಯ ಕಾರ್ಡು, ರಕ್ತದ ಗುಂಪಿನ ವರದಿ, ಸ್ಕ್ಯಾನಿಂಗ್ ವರದಿಗಳು, ಸೇವಿಸುತ್ತಿರುವ ಔಷಧಗಳ ಪಟ್ಟಿ ಇವು ಮಾತ್ರ ಮೊದಲೇ ಅದರೊಳಗಿರಲಿ. ರಾತ್ರಿ ಹೊತ್ತು ವಾಹನ ಯಾರದು, ರಕ್ತ ಬೇಕಾದರೆ ಕೊಡುವವರು ಯಾರು, ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಮನೆಯವರೊಂದಿಗೆ ಮಾತಾಡಿ ತೀರ್ಮಾನಿಸಿರಬೇಕು. ಹೆರಿಗೆ ವಾರ್ಡಿನ ದೂರವಾಣಿ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡರೆ ಸಾಲದು. ಅದನ್ನು ದೊಡ್ಡ ಅಂಕಿಗಳಲ್ಲಿ ಕಾಗದದ ಮೇಲೆ ಬರೆದು, ನೀವು ಮಾತಾಡಲಾಗದ ಸ್ಥಿತಿಯಲ್ಲಿದ್ದರೂ ಮನೆಯಲ್ಲಿರುವ ಯಾರಾದರೂ ನೋಡಿ ಕರೆ ಮಾಡುವಂತೆ ಬಾಗಿಲ ಬಳಿ ಅಂಟಿಸಿಡಿ.